ಕೆಸರಿನ ಪಾಕ

ಒಂದು ಬಕೆಟ್ಟಿಗೆ ಆರು ಬೊಗಸೆ ಜೇಡಿಮಣ್ಣು,
ಜರಡಿ ಹಿಡಿದದ್ದು. ಹರಳು ಉಳಿದರೆ ಬಣ್ಣ ಗೀರುತ್ತದೆ.
ಕಪ್ಪು ಕೂಡಲು ಒಂದು ಮುಷ್ಟಿ ಕೋಕೋ ಪುಡಿ.
ಯೂಟಾದ ಬಿಸಿಲಿಗೆ ಒಣಗಿ ಉದುರದಂತೆ
ಅರ್ಧ ಲೋಟ ಗ್ಲಿಸರಿನ್.
ಕದಡುವುದು ಕೈಯಲ್ಲೇ. ಕೋಲಿಗೆ ಹದ ಗೊತ್ತಾಗುವುದಿಲ್ಲ.

ನಾನು ಡೆಲ್ಬರ್ಟ್ ಯೋಕಮ್.
ಜಾಹೀರಾತಿನ ಟ್ರಕ್ಕಿಗೆ ಕೆಸರು ಬಳಿಯುವವನು.
ದಿನಕ್ಕೆ ನಾನೂರು ಡಾಲರ್, ಮೇಲೊಂದು ಊಟ.

ಇದಕ್ಕೆ ಮುಂಚೆ ಇಪ್ಪತ್ತೊಂಬತ್ತು ವರ್ಷ
ಇಂಡಿಯಾನಾದ ಹ್ಯಾಡ್ಲಾಕ್ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ
ಧೂಳು ಕೂರದಂತೆ ಕಾದೆ.
ತಲೆಗೆ ಟೋಪಿ, ಗಡ್ಡಕ್ಕೆ ಬಲೆ.
ಲೊರೀನಳ ಕೆನ್ನೆಯ ಪೌಡರು
ಅಂಗಿಗಂಟಿ ಒಳಗೆ ಬಂದೀತೆಂದು
ಮದುವೆಯಾದ ಹೊಸತರಲ್ಲೇ
ಬಾಗಿಲ ಬಳಿಯ ಮುತ್ತು ಬಿಟ್ಟುಬಿಟ್ಟೆವು.

ಆಮೊಸ್ ಹ್ಯಾಡ್ಲಾಕ್
ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದವನು.
ಕುದುರೆ ಸತ್ತ ವರ್ಷ ಗಾಡಿಗೆ ಎಂಜಿನ್ ಕೂರಿಸಿದನಂತೆ.
ಕಂಪನಿಯ ಕ್ಯಾಲೆಂಡರಿನ ಮಾತು ಇದು.
ನನ್ನಜ್ಜ ಹೇಳುತ್ತಿದ್ದ: ಕುದುರೆ ಸತ್ತಿರಲಿಲ್ಲ ಕಣೋ,
ಸಾಲಕ್ಕೆ ಹೋಗಿತ್ತು.

ಆಮೇಲೆ ಯುದ್ಧ; ಎಲ್ಲ ಟ್ರಕ್ಕಿಗೂ ಒಂದೇ ಪಾಚಿ ಹಸಿರು.
ಆಮೇಲೆ ಹಾಲಿನ ಕ್ಯಾನು, ಮುಳ್ಳುತಂತಿಯ ಸುರುಳಿ,
ಎಂಟಡಿ ತೊಟ್ಟಿಯಲ್ಲಿ ಕಾಲು ಮುರಿದ ಕರು,
ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗಿ.
ಆಗ ಹೆಸರಿರಲಿಲ್ಲ.
ಅರ್ಧ ಟನ್ನು, ಮುಕ್ಕಾಲು ಟನ್ನು.
ಹೊರುವಷ್ಟೇ ಹೆಸರು.

ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ತೂಕಕ್ಕೆ ಹಾಕಿದರು.
ಹ್ಯಾಡ್ಲಾಕ್ ಅನ್ನುವ ಮೂರಕ್ಷರ ಮಾತ್ರ
ಮೂರು ಸಲ ಮಾರಾಟವಾಯಿತು,
ಪ್ರತಿ ಸಲವೂ ಹೆಚ್ಚಿನ ಬೆಲೆಗೆ.

ಈಗ ತೊಟ್ಟಿ ಐದೂವರೆ ಅಡಿ.
ಅಲ್ಲಿಂದ ಕಿತ್ತ ಅಡಿಗಳೆಲ್ಲ ಕ್ಯಾಬಿನೊಳಗೆ ಹೋಗಿ
ಚರ್ಮದ ಸೀಟಾಗಿವೆ, ಬೆನ್ನಿಗೆ ತಂಪು ಊದುತ್ತವೆ.
ಲೋಟ ಇಡಲು ಹನ್ನೊಂದು ಕುಳಿ; ನಾನೇ ಎಣಿಸಿದ್ದೇನೆ.
ಹೆಸರೂ ಬಂದಿದೆ: ಹೆರಿಟೇಜ್.
ಎಪ್ಪತ್ತೆಂಟು ಸಾವಿರ.

ಪೇಜ್ ಎಂಬ ಹುಡುಗಿ ಇಲ್ಲಿಯ ಯಜಮಾನಿ.
ಒಳ್ಳೆಯವಳು, ನನಗೆಂದೇ ಕೈಗವಸು ತಂದಿದ್ದಾಳೆ.
ಊಟದ ಹೊತ್ತಿಗೆ ಸಮೀಕ್ಷೆಯ ಕಾಗದ ಬಿಚ್ಚಿ ಓದಿದಳು:
'ನಮ್ಮ ಗಿರಾಕಿ ವರ್ಷಕ್ಕೆ ಎರಡು ಸಲ ಏನಾದರೂ ಹೇರುತ್ತಾನೆ.
ಅದರಲ್ಲೊಂದು ಕ್ರಿಸ್‌ಮಸ್ ಮರ.'
ಇನ್ನೊಂದು? ಎಂದೆ.
'ಬರೆದಿಲ್ಲ' ಎಂದು ನಕ್ಕಳು.
'ಆದರೆ, ಡೆಲ್, ಹೊರಬಲ್ಲೆ ಅನ್ನುವುದನ್ನು ಅವನು ದಿನಾ ಹೊರುತ್ತಾನೆ.
ನಾವು ಮಾರುವುದು ಅದನ್ನ.'
ಮಾತಿಗೆ ತೂಕವಿತ್ತು, ಅರ್ಧ ಟನ್ನಾದರೂ.
ನಾನು ಸ್ಯಾಂಡ್‌ವಿಚ್ ಮುಗಿಸಿದೆ.

ಕೈ ಕೆಸರು ಮಾಡಿಕೊಂಡೇ ಬದುಕಿದ್ದೇನೆ, ನಿಜ.
ಮೊಸರು ಯಾವ ಬಾಯಿಗೆ ಹೋಯಿತೋ
ಕೇಳಿದವನಲ್ಲ.

ಸಂಜೆ ಬೆಳಕು ಬಾಗುವ ಮುನ್ನ
ಚಕ್ರದ ಕಮಾನಿಗೆ ಎರಚಿದೆ,
ಗುಡ್ಡ ಇಳಿದು ಬಂದಂತೆ ಬಾಗಿಲಿಗೆ ಓರೆಯಾಗಿ ಚಿಮುಕಿಸಿದೆ.
ಅಡಿಯಲ್ಲಿ ಹೆಚ್ಚು, ಮೇಲೆ ಹೋದಂತೆ ತೆಳು.
ಹ್ಯಾಡ್ಲಾಕ್ ಅಕ್ಷರಗಳನ್ನು ಹೆಬ್ಬೆರಳಲ್ಲಿ ಒರೆಸಿದೆ;
ಅವಕ್ಕೆ ಕೆಸರು ತಾಗಬಾರದೆಂದು ಒಪ್ಪಂದದಲ್ಲೇ ಇದೆ.

ಆಗ ಬೆರಳಿಗೆ ಸಿಕ್ಕಿತು:
ಬಾನೆಟ್ಟಿನ ಎಡ ಅಂಚಿನಲ್ಲಿ, ಬಣ್ಣದ ಒಳಗೆ,
ಸಾಸಿವೆಯ ಕಾಲುಭಾಗದಷ್ಟು ಒಂದು ಕಣ.
ಎಲ್ಲಿಯ ಕಾರ್ಖಾನೆಯೋ, ಯಾರ ಪಾಳಿಯೋ,
ಯಾರ ತೋಳಿನಿಂದ ಬಿದ್ದದ್ದೋ.
ನಮ್ಮ ಕಾಲದಲ್ಲಿ ಇದಕ್ಕೆ ಸಾಲು ನಿಲ್ಲಿಸುತ್ತಿದ್ದರು.

ಇಡೀ ಟ್ರಕ್ಕಿನಲ್ಲಿ ನಾನು ಕಲಸದೆ ಇದ್ದ ಕೊಳೆ ಅದೊಂದೇ.
ಲೊರೀನ್ ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.
ಬೆರಳು ಅಲ್ಲೇ ಇಟ್ಟು ನಿಂತೆ.

'ಡೆಲ್, ಎಡ ಬಾಗಿಲು ಇನ್ನೂ ತೀರ ಶುಭ್ರ!'
ಪೇಜ್ ಕೂಗಿದಳು.
ಬಕೆಟ್ ಎತ್ತಿಕೊಂಡೆ.